ಎಂಟು ಸಾವಿರದ ಟಾರ್ಚು ಯಾರ ಕೈಲಿರಬೇಕು?

ಮಳೆಗಾಲ ಮುಗೀತಿದ್ದ ಹಾಗೇ ಆಫೀಸಿನ ಟ್ರೆಕ್ಕಿಂಗ್ ಗುಂಪುಗಳಲ್ಲಿ ಶುರುವಾಗೋ ಜಗಳಗಳಲ್ಲಿ ಟಾರ್ಚಿನ ಜಗಳವೂ ಒಂದು. ಒಂದು ಕಡೆ "ಫೀನಿಕ್ಸ್ ಬಿಟ್ಟು ಬೇರೆ ಮುಟ್ಟಲ್ಲ" ಅನ್ನೋರು. ಇನ್ನೊಂದು ಕಡೆ "ಟಾರ್ಚ್ ಅಂದ್ರೆ ಟಾರ್ಚು ಗುರೂ, ಮುನ್ನೂರು ರೂಪಾಯಿಗೆ ಎಸ್‌ಪಿ ರೋಡಲ್ಲಿ ಸಿಗೋದಕ್ಕೆ ಎಂಟು ಸಾವಿರ ಕೊಡೋಕೆ ತಲೆ ಕೆಟ್ಟಿದ್ಯಾ?" ಅನ್ನೋರು. ಮೊದಲನೆಯವರು ಲಿಂಕ್ ಹಾಕ್ತಾರೆ, ಎರಡನೆಯವರು ನಗೋ ಇಮೋಜಿ ಹಾಕ್ತಾರೆ. ಕೊನೆಗೆ ಸ್ಕಂದಗಿರಿ ಹತ್ತೋವಾಗ ಇಬ್ಬರೂ ಮೊಬೈಲ್ ಟಾರ್ಚ್ ಹಿಡ್ಕೊಂಡು ಹತ್ತಿರ್ತಾರೆ, ಯಾಕಂದ್ರೆ ಎಂಟು ಸಾವಿರದ್ದು ಚಾರ್ಜ್ ಆಗಿರಲ್ಲ, ಮುನ್ನೂರರದ್ದು ಹತ್ತಿರಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಟಾರ್ಚಿಗೆ ಜಾಸ್ತಿ ದುಡ್ಡು ಕೊಡೋದು ಸರಿ. ಕೊಡೋದರಲ್ಲಿ ಒಂದು ಮಿತಿವರೆಗೆ ಸಿಗೋದು ಬರೀ ಹೆಸರಲ್ಲ, ವಸ್ತುವೇ. ಆದರೆ ನಮ್ಮಲ್ಲಿ ಕೊಡ್ತಾ ಇರೋರು ಯಾರು ಅಂತ ನೋಡಿ. ಬೀದಿದೀಪ ಇರೋ ಲೇಔಟಿನಲ್ಲಿ, ಯುಪಿಎಸ್ ಇರೋ ಅಪಾರ್ಟ್‌ಮೆಂಟಿನಲ್ಲಿ, ವರ್ಷಕ್ಕೆ ಎರಡು ಸಲ ಕತ್ತಲೆ ನೋಡೋ ನಾವು. ವರ್ಷದಲ್ಲಿ ಇನ್ನೂರು ರಾತ್ರಿ ಕತ್ತಲೆಯಲ್ಲಿ ಕಾಲಿಡೋ ನಮ್ಮಪ್ಪ, ಚಿಕ್ಕಪ್ಪ, ಮಾವಂದಿರು ಸಂತೆಯಲ್ಲಿ ಸಿಗೋ ಇನ್ನೂರೈವತ್ತರ ಪ್ಲಾಸ್ಟಿಕ್ ಡಬ್ಬಿ ಹಿಡಿದು ತೋಟಕ್ಕೆ ಹೋಗ್ತಾರೆ. ನನ್ನ ತಕರಾರು ಇರೋದು ಇಲ್ಲಿ.

ಮೊದಲು ಅಗ್ಗದ ಪಾರ್ಟಿಯವರನ್ನ ವಿಚಾರಿಸಿಕೊಳ್ಳೋಣ.

ಯಾವುದಾದ್ರೂ ಆನ್‌ಲೈನ್ ಅಂಗಡಿಯಲ್ಲಿ ಟಾರ್ಚ್ ಅಂತ ಹುಡುಕಿ. ಮೊದಲ ಪುಟದಲ್ಲೇ "1,00,000 ಲ್ಯೂಮೆನ್" ಅಂತ ಬರೆದಿರೋ ಒಂದು ಸಿಗುತ್ತೆ. ಬೆಲೆ ಆರುನೂರು. ಈಗ ನಿಮ್ಮ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಬಾಕ್ಸ್ ತೆಗೆದು ನೋಡಿ. 800ರಿಂದ 900 ಲ್ಯೂಮೆನ್ ಅಂತ ಇರುತ್ತೆ. ಅಂದ್ರೆ ನಿಮ್ಮ ಅಂಗೈಯಲ್ಲಿ ಹಿಡಿಯೋ ಆ ಟಾರ್ಚು ನಿಮ್ಮ ಹಾಲ್‌ನ ಬಲ್ಬಿನಂಥ ನೂರಕ್ಕೂ ಹೆಚ್ಚು ಬಲ್ಬುಗಳಿಗೆ ಸಮ. ಆ ಲೆಕ್ಕದಲ್ಲಿ ಅದಕ್ಕೆ ಹತ್ತಿರ ಹತ್ತಿರ 1000 ವ್ಯಾಟ್ ಕರೆಂಟು ಬೇಕು. ಇಸ್ತ್ರಿ ಪೆಟ್ಟಿಗೆ ಎಳೆಯೋವಷ್ಟು. ಒಳಗಿರೋದು ಒಂದು 18650 ಸೆಲ್ಲು; ತುಂಬಾ ಒಳ್ಳೇದು ಅಂದ್ರೂ ಅದರಲ್ಲಿರೋ ಶಕ್ತಿ 12-13 ವ್ಯಾಟ್-ಅವರ್. ಭಾಗಿಸಿ ನೋಡಿ: ಮುಕ್ಕಾಲು ನಿಮಿಷ. ಆ ಮುಕ್ಕಾಲು ನಿಮಿಷದಲ್ಲಿ ಟಾರ್ಚು ನಿಮ್ಮ ಕೈ ಸುಟ್ಟು ಸೆಲ್ಲು ಹೊಗೆ ಬಿಟ್ಟಿರುತ್ತೆ. ಕೋಡ್ ಬರೆಯೋ, ಎಕ್ಸೆಲ್ ತುಂಬೋ ನಾವು ಈ ಒಂದು ಭಾಗಾಕಾರ ಮಾಡದೇ "ಫೋರ್ ಪಾಯಿಂಟ್ ಟೂ ಸ್ಟಾರ್ಸ್ ಇದೆ" ಅಂತ ಕಾರ್ಟಿಗೆ ಹಾಕ್ತೀವಿ.

ಸೆಲ್ಲಿನ ಕತೆ ಇನ್ನೂ ಚೆನ್ನಾಗಿದೆ. 18650 ಅಂದ್ರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಆ ಅಳತೆಯೊಳಗೆ ಪ್ಯಾನಾಸೋನಿಕ್, ಸ್ಯಾಮ್‌ಸಂಗ್, ಎಲ್‌ಜಿಯಂಥವರು ವರ್ಷಗಟ್ಟಲೆ ತಿಣುಕಿ ತುರುಕಿರೋದು 3500 ಎಂಎಎಚ್ ಆಸುಪಾಸು. ಅಗ್ಗದ ಟಾರ್ಚಿನ ಜೊತೆ ಬರೋ ಸೆಲ್ಲಿನ ಮೇಲೆ 9900 ಅಂತ ಮುದ್ರಿಸಿರ್ತಾರೆ. ನಾನು ಅಂಥದ್ದೊಂದನ್ನ ಬೇಕಂತಲೇ ತರಿಸಿ ಅಡುಗೆಮನೆ ತಕ್ಕಡಿ ಮೇಲಿಟ್ಟೆ. 28 ಗ್ರಾಂ. ನಿಜವಾದ ಸೆಲ್ಲು 45 ಗ್ರಾಂ ಮೇಲೇ ತೂಗಬೇಕು. ಒಳಗಡೆ ಏನಿದೆ ಅಂತ ಬಿಚ್ಚಿ ನೋಡೋಕೆ ಹೋಗಬೇಡಿ, ಲಿಥಿಯಂ ಅದು, ತಮಾಷೆಯಲ್ಲ. ತಕ್ಕಡಿ ಹೇಳಿದ್ದೇ ಸಾಕು. ಮೂರು ಪಟ್ಟು ಬರೆದುಕೊಂಡಿರೋ ಸೆಲ್ಲಲ್ಲಿ ಮೂರನೇ ಒಂದು ಭಾಗವೂ ಇರಲ್ಲ.

"ಸುಳ್ಳು ಬರೆದ್ರೆ ಏನಾಯ್ತು, ಬೆಳಕು ಬರುತ್ತಲ್ಲ?" ಅಂತೀರಿ. ಬರುತ್ತೆ. ಮೊದಲ ಹತ್ತು ನಿಮಿಷ ಕಣ್ಣು ಕೋರೈಸೋ ಹಾಗೇ ಬರುತ್ತೆ. ಇಂಥ ಟಾರ್ಚುಗಳಲ್ಲಿ ಎಲ್‌ಇಡಿಗೆ ಹೋಗೋ ಕರೆಂಟನ್ನ ಒಂದೇ ಸಮ ಇಡೋ ಸರ್ಕ್ಯೂಟ್ ಇರಲ್ಲ. ಸೆಲ್ಲು ಇಳಿದ ಹಾಗೆ ಬೆಳಕೂ ಇಳಿಯುತ್ತೆ. ಇಳಿಯೋದು ನಿಧಾನವಾಗಿ, ಹಾಗಾಗಿ ಕಣ್ಣು ಅದಕ್ಕೆ ಹೊಂದ್ಕೊಂಡುಬಿಡುತ್ತೆ. ಅರ್ಧಕ್ಕರ್ಧ ಬೆಳಕು ಹೋಗಿದ್ರೂ ಹಿಡಿದಿರೋನಿಗೆ ಗೊತ್ತಾಗಲ್ಲ. ಜೊತೆಗೆ ಆ ಬಟನ್ನು. ಒಂದು ಸಲ ಒತ್ತಿದರೆ ಜೋರು, ಇನ್ನೊಂದು ಸಲ ಒತ್ತಿದರೆ ಮಂದ, ಮತ್ತೊಂದು ಸಲ ಒತ್ತಿದರೆ ಪಟಪಟ ಅಂತ ಮಿಣುಕೋದು. ತೋಟದ ಮಧ್ಯೆ ಡಿಸ್ಕೋ ಯಾರಿಗೆ ಬೇಕು ಸ್ವಾಮಿ? ಪ್ರಪಂಚದ ಎಲ್ಲಾ ಅಗ್ಗದ ಟಾರ್ಚುಗಳಿಗೂ ಈ ಮಿಣುಕೋ ರೋಗ ಯಾಕೆ ಅಂಟಿಕೊಂಡಿದೆ ಅನ್ನೋದು ನನಗೆ ಇವತ್ತಿಗೂ ಬಗೆಹರಿಯದ ಪ್ರಶ್ನೆ.

ನಮ್ಮ ಹಳ್ಳಿಗಳಲ್ಲಿ ಜಾಸ್ತಿ ಓಡಾಡೋದು ಇದೂ ಅಲ್ಲ. ಅಲ್ಲಿರೋದು ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚೋ, ಹಿಂದಗಡೆಯಿಂದ ಎರಡು ಪಿನ್ನು ಹೊರಗೆ ಬರೋ ಪ್ಲಾಸ್ಟಿಕ್ ಟಾರ್ಚು. ಒಳಗೆ 4 ವೋಲ್ಟಿನ ಪುಟ್ಟ ಲೆಡ್-ಆಸಿಡ್ ಬ್ಯಾಟರಿ. ಬೈಕಿನ ಬ್ಯಾಟರಿಯ ಮರಿ ಅಂತಿಟ್ಕೊಳ್ಳಿ. ಈ ಜಾತಿಯ ಬ್ಯಾಟರಿಯನ್ನ ಖಾಲಿ ಮಾಡಿ ಒಂದೆರಡು ತಿಂಗಳು ಮೂಲೆಗೆ ಇಟ್ಟರೆ ಸತ್ತುಹೋಗುತ್ತೆ. ಹಾಗೆ ಸಾಯದಂತೆ ತಡೆಯೋ ಸರ್ಕ್ಯೂಟೂ ಅದರಲ್ಲಿರಲ್ಲ. ಇದಕ್ಕಿಂತ ಕೆಟ್ಟದ್ದು ಅದರ ಚಾರ್ಜರ್. ಅಗ್ಗದ ಮಾಡೆಲ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಒಂದು ಕೆಪಾಸಿಟರ್ ಹಾಕಿ ಮನೆಯ 230 ವೋಲ್ಟನ್ನ ಹಾಗೇ ಇಳಿಸಿರ್ತಾರೆ. ಅಂದ್ರೆ ಚಾರ್ಜ್ ಆಗೋವಾಗ ಒಳಗಿನ ಪ್ರತಿಯೊಂದು ತಂತಿಯೂ ಮೇನ್ಸಿಗೆ ಅಂಟಿಕೊಂಡೇ ಇರುತ್ತೆ. ಪ್ಲಾಸ್ಟಿಕ್ ಸೀಳಿದ್ದು, ಕೈ ಒದ್ದೆ ಇದ್ದದ್ದು ಎರಡೂ ಒಟ್ಟಿಗೆ ಆದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಇದೆಲ್ಲ ಸೇರಿ ಇನ್ನೂರೈವತ್ತು ರೂಪಾಯಿ, ವರ್ಷಕ್ಕೆ ಒಂದು, ಕೆಲವು ಮನೆಗಳಲ್ಲಿ ವರ್ಷಕ್ಕೆ ಎರಡು. ಐದು ವರ್ಷದ ಲೆಕ್ಕ ಹಾಕಿದರೆ ಒಳ್ಳೆ ಟಾರ್ಚಿನ ದುಡ್ಡು ಅಲ್ಲೇ ಹೋಗಿರುತ್ತೆ, ಒಳ್ಳೆ ಬೆಳಕು ಮಾತ್ರ ಒಂದು ದಿನಾನೂ ಬಂದಿರಲ್ಲ.

ಅಗ್ಗದ ಪಾರ್ಟಿ ಮುಗೀತು. ಈಗ ಬ್ರ್ಯಾಂಡ್ ಪಾರ್ಟಿ.

ಇವರ ಮೊದಲ ಡೈಲಾಗು, "ನಾವು ಚೈನಾ ಮಾಲ್ ಮುಟ್ಟಲ್ಲ." ಸರಿ, ಫೀನಿಕ್ಸ್ ಎಲ್ಲಿಯದು? ಚೀನಾ, ಶೆನ್‌ಜೆನ್. ಓಲೈಟ್? ಅದೂ ಶೆನ್‌ಜೆನ್. ನೈಟ್‌ಕೋರ್? ಅಲ್ಲೇ ಪಕ್ಕದ ಗ್ವಾಂಗ್‌ಝೌ. ಟಾರ್ಚು ಅಂದ್ರೆ ಅಮೆರಿಕ ಅಂತಿದ್ದ ಕಾಲ ಒಂದಿತ್ತು. 1979ರಲ್ಲಿ ಕ್ಯಾಲಿಫೋರ್ನಿಯಾದ ಟೋನಿ ಮ್ಯಾಗ್ಲಿಕಾ ಅನ್ನೋ ಮೆಷಿನಿಸ್ಟ್ ಅಲ್ಯೂಮಿನಿಯಂ ಕಡೆದು ಮ್ಯಾಗ್‌ಲೈಟ್ ಮಾಡಿದ. ಅಮೆರಿಕದ ಪೊಲೀಸರು ಅದನ್ನ ದೀಪಕ್ಕೂ ಲಾಠಿಗೂ ಬಳಸ್ತಿದ್ರು. ಎಲ್‌ಇಡಿ ಬಂದ ಮೇಲೆ ಆಟವೇ ಬದಲಾಯ್ತು. ಇವತ್ತು ಸಾವಿರದೈನೂರರ ಟಾರ್ಚಲ್ಲೂ ಎಂಟು ಸಾವಿರದ ಟಾರ್ಚಲ್ಲೂ ಬೆಳಗೋ ಚಿಪ್ಪು ಕ್ರೀ, ಓಸ್ರಾಮ್, ನಿಚಿಯಾದಂಥ ಅದೇ ನಾಲ್ಕೈದು ಕಂಪನಿಗಳದ್ದು. ಟಾರ್ಚ್ ಕಂಪನಿಗಳು ಎಲ್‌ಇಡಿ ಮಾಡಲ್ಲ. ಅವರು ಮಾಡೋದು ಕೊಳವೆ, ಕನ್ನಡಿ, ಸರ್ಕ್ಯೂಟ್, ಸ್ವಿಚ್ಚು. ಮತ್ತೆ ಜಾಹೀರಾತು.

ಹಾಗಂತ ಬ್ರ್ಯಾಂಡಿನವರು ಕೊಡೋದು ಏನೂ ಇಲ್ಲ ಅಂತಲ್ಲ. ಒಂದು ದೊಡ್ಡ ವಿಷಯ ಕೊಡ್ತಾರೆ. ಬಾಕ್ಸಿನ ಮೇಲೆ ಅಳೆದು ಬರೆದ ಅಂಕಿ. 2009ರಲ್ಲಿ ಅಮೆರಿಕದ ಟಾರ್ಚ್ ತಯಾರಕರು ಸೇರಿಕೊಂಡು ಎಫ್‌ಎಲ್1 ಅನ್ನೋ ಮಾನದಂಡ ಮಾಡಿದ್ರು. ಬೆಳಕು ಎಷ್ಟು, ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಎತ್ತರದಿಂದ ಬಿದ್ದರೆ ತಡೆಯುತ್ತೆ, ನೀರು ಎಷ್ಟು ತಡೆಯುತ್ತೆ, ಇವನ್ನೆಲ್ಲ ಹೀಗೇ ಅಳೆಯಬೇಕು ಅಂತ. ಹೆಸರಿರೋ ಟಾರ್ಚ್ ಕಂಪನಿಗಳು ಸಾಮಾನ್ಯವಾಗಿ ಈ ಅಳತೆಯಲ್ಲೇ ಬರೀತಾರೆ. ಬಾಕ್ಸಿನ ಮೇಲೆ ಸಣ್ಣ ಸಣ್ಣ ಚೌಕದ ಚಿತ್ರಗಳಿದ್ರೆ ಅದೇ.

ಆದರೆ ಈ ಸತ್ಯಕ್ಕೂ ಒಂದು ಕಳ್ಳಕಿಂಡಿ ಇದೆ, ಬ್ರ್ಯಾಂಡ್ ಪಾರ್ಟಿಯವರು ಇದನ್ನ ಓದ್ಕೋಬೇಕು. ಎಫ್‌ಎಲ್1 ಪ್ರಕಾರ ಲ್ಯೂಮೆನ್ ಅಳೆಯೋದು ಸ್ವಿಚ್ ಹಾಕಿ 30 ಸೆಕೆಂಡಿನಿಂದ ಎರಡು ನಿಮಿಷದೊಳಗೆ. ಎಷ್ಟು ಹೊತ್ತು ಉರಿಯುತ್ತೆ ಅಂತ ಲೆಕ್ಕ ಹಾಕೋದು ಬೆಳಕು ಮೊದಲಿನ ನೂರಕ್ಕೆ ಹತ್ತಕ್ಕೆ ಇಳಿಯೋವರೆಗೆ. ಅಂದ್ರೆ "2000 ಲ್ಯೂಮೆನ್, 3 ಗಂಟೆ" ಅಂತ ಬರೆದಿದ್ರೆ 2000 ಲ್ಯೂಮೆನ್ ಮೂರು ಗಂಟೆ ಸಿಗುತ್ತೆ ಅಂತ ಅರ್ಥ ಅಲ್ಲ. ಎರಡು ಮೂರು ನಿಮಿಷ 2000 ಬಂದು, ಬಿಸಿ ತಡೆಯೋಕಾಗದೆ ಟಾರ್ಚು ತಾನಾಗೇ ಆರುನೂರೋ ಏಳುನೂರೋ ಲ್ಯೂಮೆನ್ನಿಗೆ ಇಳಿದು, ಹಾಗೇ ಕುಂಟ್ತಾ ಇನ್ನೂರು ಮುಟ್ಟೋ ಹೊತ್ತಿಗೆ ಮೂರು ಗಂಟೆ. ಎರಡೂ ಅಂಕಿ ನಿಜ, ಒಟ್ಟಿಗೆ ಓದಿದಾಗ ಸುಳ್ಳು. ದೂರದ ಲೆಕ್ಕವೂ ಹೀಗೇ. "200 ಮೀಟರ್" ಅಂದ್ರೆ 200 ಮೀಟರ್ ದೂರದಲ್ಲಿ ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕು ಬೀಳುತ್ತೆ ಅಂತ. ಬೆಳದಿಂಗಳಲ್ಲಿ ಕವಿತೆ ಬರೀಬಹುದು, ಅಲ್ಲಿ ನಿಂತಿರೋದು ಹಸುವೋ ಕಾಟಿಯೋ ಅಂತ ಹೇಳೋದು ಕಷ್ಟ. ನಿಜವಾಗಿ ಕಾಣಬೇಕು ಅಂದ್ರೆ ಆ ಅಂಕಿಯ ಅರ್ಧ ಹಿಡೀರಿ.

ಲ್ಯೂಮೆನ್ ಹುಚ್ಚಿನ ಬಗ್ಗೆ ಒಂದೇ ಮಾತು. ಕಣ್ಣಿಗೆ ಎರಡರಷ್ಟು ಬೆಳಕು ಅನ್ನಿಸಬೇಕಾದ್ರೆ ಸುಮಾರು ನಾಲ್ಕರಷ್ಟು ಬೆಳಕು ಬೇಕು. 1000ಕ್ಕೂ 1500ಕ್ಕೂ ಇರೋ ವ್ಯತ್ಯಾಸ ನಿಮ್ಮ ಬ್ಯಾಂಕ್ ಅಕೌಂಟಿಗೆ ಗೊತ್ತಾಗುತ್ತೆ, ಕಣ್ಣಿಗೆ ಅಷ್ಟಾಗಿ ಗೊತ್ತಾಗಲ್ಲ. ಮೊಬೈಲ್ ಫ್ಲ್ಯಾಶಿನದು ಸಾಮಾನ್ಯವಾಗಿ ಐವತ್ತರ ಆಸುಪಾಸು. ಕಾಲುದಾರಿಯಲ್ಲಿ ನಡೆಯೋಕೆ ನೂರೈವತ್ತು ಧಾರಾಳ. ಆ ನೂರೈವತ್ತನ್ನ ಒಂದು ಒಳ್ಳೆ 18650 ಸೆಲ್ಲು ಏಳೆಂಟು ಗಂಟೆ, ಅಂದ್ರೆ ರಾತ್ರಿಯಿಡೀ, ಕೊಡುತ್ತೆ.

ಹಾಗಾದ್ರೆ ದುಡ್ಡು ಎಲ್ಲಿವರೆಗೆ ವಸ್ತುವಿಗೆ ಹೋಗುತ್ತೆ, ಎಲ್ಲಿಂದ ಹೆಸರಿಗೆ ಹೋಗುತ್ತೆ? ನನ್ನ ಲೆಕ್ಕದಲ್ಲಿ ಇನ್ನೂರೈವತ್ತರಿಂದ ಎರಡು, ಎರಡೂವರೆ ಸಾವಿರದವರೆಗೆ ನೀವು ಕೊಡೋ ಹೆಚ್ಚಿನ ದುಡ್ಡಿಗೆ ಬಹುಪಾಲು ವಸ್ತುವೇ ಸಿಗುತ್ತೆ. ಬೆಳಕನ್ನ ಒಂದೇ ಸಮ ಇಡೋ ಡ್ರೈವರ್, ಸೆಲ್ಲು ತೀರಾ ಖಾಲಿಯಾಗದಂತೆ ತಡೆಯೋ ವ್ಯವಸ್ಥೆ, ಮಳೆಗೆ ಜಗ್ಗದ ರಬ್ಬರ್ ರಿಂಗು, ಅಳೆದು ಬರೆದ ಅಂಕಿ. ಕಾನ್ವಾಯ್, ಸೋಫಿರ್ನ್ ಥರದ, ಜಾಹೀರಾತಿಗೆ ಅಷ್ಟೇನೂ ಖರ್ಚು ಮಾಡದ ಚೀನಾ ಕಂಪನಿಗಳು ಈ ಜಾಗದಲ್ಲಿ ಕೂತಿವೆ. ಹೆಸರು ನಿಮ್ಮ ಟೀಮಿನಲ್ಲಿ ಯಾರಿಗೂ ಗೊತ್ತಿರಲ್ಲ, ಅದೇ ಅವುಗಳ ಬೆಲೆ ಕಡಿಮೆ ಇರೋದಕ್ಕೆ ಕಾರಣ. ಅಲ್ಲಿಂದ ಮೇಲೆ ಎಂಟು ಸಾವಿರದವರೆಗೆ ಕೊಡೋದರಲ್ಲಿ ಸ್ವಲ್ಪ ವಾರಂಟಿಗೆ, ಸ್ವಲ್ಪ ಚೆಂದದ ಫಿನಿಶಿಂಗಿಗೆ, ಉಳಿದದ್ದು ಕ್ಯಾಂಪಿನಲ್ಲಿ ಟೇಬಲ್ ಮೇಲೆ ಠಪ್ ಅಂತ ಇಡೋ ಸುಖಕ್ಕೆ. ಸುಖಕ್ಕೆ ದುಡ್ಡು ಕೊಡಬಾರದು ಅಂತ ನಾನು ಹೇಳಲ್ಲ. ಅದನ್ನ "ಸೇಫ್ಟಿ" ಅಂತ ಕರೀಬೇಡಿ ಅಷ್ಟೇ. ಕೆಲವು ದುಬಾರಿ ಕಂಪನಿಗಳಂತೂ ತಮ್ಮದೇ ಸ್ಪೆಷಲ್ ಸೆಲ್ಲು, ತಮ್ಮದೇ ಅಯಸ್ಕಾಂತದ ಚಾರ್ಜರ್ ಮಾಡಿಟ್ಟಿದಾರೆ. ನಾಲ್ಕು ವರ್ಷ ಆದ್ಮೇಲೆ ಆ ಸೆಲ್ಲು ಸತ್ತರೆ ಟಾರ್ಚೇ ಪೇಪರ್‌ವೇಟು. ಇದನ್ನ ಪ್ರೀಮಿಯಂ ಅಂತ ಕರೆಯೋಕೆ ಬಹಳ ಧೈರ್ಯ ಬೇಕು.

ಹೆಸರಿನ ಮೇಲಿನ ನಂಬಿಕೆ ನಮಗೆ ಹೊಸದಲ್ಲ ಬಿಡಿ. ನಮ್ಮೂರ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು. "ಬ್ಯಾಟ್ರಿ ತಗೊಂಡ್ ಬಾ" ಅಂದ್ರೆ ಮೊಳೆಗೆ ನೇತುಹಾಕಿದ ಎರಡು ಸೆಲ್ಲಿನದ್ದೋ ಮೂರು ಸೆಲ್ಲಿನದ್ದೋ ಎವರೆಡಿ. ಆ ಎವರೆಡಿ ಇಲ್ಲಿ ಯೂನಿಯನ್ ಕಾರ್ಬೈಡ್‌ನ ಮಾಲು. 1984ರ ಡಿಸೆಂಬರ್ ರಾತ್ರಿ ಭೋಪಾಲದಲ್ಲಿ ವಿಷಾನಿಲ ಬಿಟ್ಟ ಅದೇ ಕಂಪನಿ. 1994ರಲ್ಲಿ ಅದು ಕೈ ಬದಲಾಗಿ ಎವರೆಡಿ ಅನ್ನೋ ಹೆಸರಲ್ಲೇ ಮುಂದುವರೀತು, ಟಾರ್ಚೂ ಹಾಗೇ ಮಾರಾಟ ಆಯ್ತು. ಹೆಸರು ಅನ್ನೋದು ಕಂಪನಿಯ ಯೋಗ್ಯತೆಯ ಸರ್ಟಿಫಿಕೇಟ್ ಅಂದುಕೊಂಡಿರೋರಿಗೆ ಇದನ್ನ ಹೇಳಿದೆ. ಆದರೆ ಆ ಹಳೇ ಬ್ಯಾಟ್ರಿಯಲ್ಲಿ ಒಂದು ಗುಣ ಇತ್ತು. ಬಲ್ಬು ಹೋದ್ರೆ ಬಲ್ಬು, ಸೆಲ್ಲು ಹೋದ್ರೆ ಸೆಲ್ಲು, ಎರಡೂ ಊರಿನ ಕಿರಾಣಿ ಅಂಗಡಿಯಲ್ಲಿ ಸಿಗ್ತಿತ್ತು. ಸ್ಪ್ರಿಂಗಿಗೆ ಕಿಲುಬು ಹಿಡಿದರೆ ಮರಳುಕಾಗದದಲ್ಲಿ ತಿಕ್ಕಿದರೆ ಮುಗೀತು. ಮೂವತ್ತು ವರ್ಷ ಬಾಳಿದ ಬ್ಯಾಟ್ರಿಗಳಿವೆ. ಈಗಿನ ಪಿನ್ನಿನ ಡಬ್ಬಿ ಹೋದ್ರೆ ತಿಪ್ಪೆಗೆ, ಒಳಗಿನ ಸೀಸದ ಸಮೇತ.

ಈಗ ಆ ಇನ್ನೂರು ರಾತ್ರಿಗಳ ಮಾತಿಗೆ ಬರ್ತೀನಿ.

ನಮ್ಮ ರಾಜ್ಯದಲ್ಲಿ ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕರೆಂಟು ಅಂತ ಸರ್ಕಾರದ ಮಾತು. ಆ ಏಳು ಗಂಟೆ ಯಾವಾಗ ಅನ್ನೋದನ್ನ ಪಾಳಿ ತೀರ್ಮಾನ ಮಾಡುತ್ತೆ. ಒಂದು ವಾರ ಹಗಲು, ಒಂದು ವಾರ ರಾತ್ರಿ, ಅಥವಾ ಹಗಲು ಮೂರು ರಾತ್ರಿ ನಾಲ್ಕು. ರಾತ್ರಿ ಎರಡು ಗಂಟೆಗೆ ಕರೆಂಟು ಬಂತು ಅಂದ್ರೆ ಎದ್ದು ಹೋಗಿ ಮೋಟರ್ ಹಾಕಬೇಕು, ನೀರು ತಿರುಗಿಸಬೇಕು, ಒಂದು ಪಾತಿ ತುಂಬಿದ ಮೇಲೆ ಇನ್ನೊಂದಕ್ಕೆ ಬಿಡಬೇಕು. ಮೊಬೈಲಿನಿಂದ ಮೋಟರ್ ಹಾಕೋ ಸ್ಟಾರ್ಟರ್ ಈಗ ಬಂದಿದೆ ನಿಜ, ಆದರೆ ಮೊಬೈಲಿನಿಂದ ಪಾತಿ ಕಡಿಯೋಕೆ ಆಗಲ್ಲ. ಬದುವಿನ ಮೇಲೆ ಒದ್ದೆ ಹುಲ್ಲು, ಅಡಿಕೆ ತೋಟದಲ್ಲಿ ಬಿದ್ದ ಸೋಗೆ, ಕಬ್ಬಿನ ಗದ್ದೆಯಲ್ಲಿ ಒಣ ತರಗು. ಅಲ್ಲಿ ಕೊಳಕುಮಂಡಲ ಮಲಗಿರುತ್ತೆ. ನಾಗರಹಾವು ಸದ್ದಿಗೆ ಸರಿದು ಹೋಗೋದೇ ಹೆಚ್ಚು. ಕೊಳಕುಮಂಡಲ ಸಾಮಾನ್ಯವಾಗಿ ಸರಿಯಲ್ಲ. ತರಗಿನ ಬಣ್ಣದ ಮೈ ಇಟ್ಕೊಂಡು ಅಲ್ಲೇ ಇರುತ್ತೆ, ತುಳಿಯೋ ತನಕ.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ 58 ಸಾವಿರ. ಬಹುಪಾಲು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಹೊರಡಿಸಿತು. ಒಳ್ಳೇದೇ. ಆದರೆ ವರದಿ ಆಗೋದು ಕಚ್ಚಿದ ಮೇಲೆ.

ಇಲ್ಲಿ ಟಾರ್ಚಿನ ಗುಣ ಅನ್ನೋದು ಫೋರಂ ಚರ್ಚೆಯ ವಿಷಯವಾಗಿ ಉಳಿಯಲ್ಲ. ಅದರಲ್ಲೂ ಒಂದು ಗುಣ, ಬ್ರ್ಯಾಂಡ್ ಪಾರ್ಟಿ ಅಗ್ಗದ ಪಾರ್ಟಿ ಎರಡೂ ಲೆಕ್ಕಕ್ಕೆ ತಗೊಳ್ಳದೇ ಇರೋದು: ಬಣ್ಣ. ಬಿಳೀ ಎಲ್‌ಇಡಿ ಅಂತ ಒಂದು ನಿಜವಾಗಿ ಇಲ್ಲ. ಇರೋದು ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಪುಡಿಯ ಲೇಪನ. ಎರಡೂ ಬೆರೆತು ಕಣ್ಣಿಗೆ ಬಿಳಿ. ಆ ನೀಲಿ ಬೆಳಕಿಗೇ 2014ರ ಭೌತಶಾಸ್ತ್ರದ ನೊಬೆಲ್ ಹೋಗಿದ್ದು, ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ. ನಕಮುರಾ ಆ ಕೆಲಸ ಮಾಡಿದ್ದು ನಿಚಿಯಾದಲ್ಲಿ. ಈಗ ಅಗ್ಗದ ಎಲ್‌ಇಡಿಯಲ್ಲಿ ಏನಾಗುತ್ತೆ ಅಂದ್ರೆ ಲೇಪನ ತೆಳು, ನೀಲಿ ಜಾಸ್ತಿ, ಕೆಂಪು ಕಡಿಮೆ. ಹೆಚ್ಚು ಲ್ಯೂಮೆನ್ ತೋರಿಸೋಕೂ ಇದೇ ಅನುಕೂಲ, ಹಾಗಾಗಿ ದುಬಾರಿ ಟಾರ್ಚುಗಳಲ್ಲೂ ಎಷ್ಟೋ ಹೀಗೇ ಇವೆ. ಆ ನೀಲಿ ಬೆಳಕಲ್ಲಿ ಒಣ ಎಲೆ, ಮಣ್ಣು, ಸೋಗೆ, ಹಾವಿನ ಮೈ ಎಲ್ಲವೂ ಒಂದೇ ಬೂದಿ ಬಣ್ಣ. ಕಂದಿನಿಂದ ಕಂದನ್ನ ಬೇರೆ ಮಾಡಿ ತೋರಿಸೋದು ಕೆಂಪಿನ ಅಂಶ. ಬೆಳಕು ಬಣ್ಣಗಳನ್ನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದಕ್ಕೆ ಸಿಆರ್‌ಐ ಅಂತ ಒಂದು ಅಂಕಿ ಇದೆ. 90ರ ಮೇಲಿದ್ರೆ ಒಳ್ಳೇದು. ಅಂಥ ಎಲ್‌ಇಡಿ ಹಾಕಿದ ಇನ್ನೂರು ಲ್ಯೂಮೆನ್ನಿನ ಬೆಚ್ಚಗಿನ ಬೆಳಕು, ಸಾವಿರ ಲ್ಯೂಮೆನ್ನಿನ ನೀಲಿಗಿಂತ ನನ್ನ ಪ್ರಕಾರ ತೋಟಕ್ಕೆ ವಾಸಿ. ನೀವೇ ನೋಡಬೇಕಾದ್ರೆ ಎರಡು ಥರದ ಟಾರ್ಚು ತಗೊಂಡು ಒಂದು ಮುಷ್ಟಿ ಒಣ ಎಲೆಯ ಮೇಲೆ ಬಿಟ್ಟು ನೋಡಿ, ಯೂಟ್ಯೂಬ್ ಬೇಡ.

ಕಾಫಿ ಸೀಮೆಯಲ್ಲಿ ಆನೆ ಇರೋ ಕಡೆ ಲೆಕ್ಕ ಬೇರೆ. ಅಲ್ಲಿ ದೂರ ಬೇಕು, ತಿರುವಿನಾಚೆ ಏನಿದೆ ಅಂತ ಕಾಣಬೇಕು. ಅಲ್ಲಿಗೆ ಜೋರಾಗಿ ಎಸೆಯೋ ಟಾರ್ಚೇ ಸರಿ, ದುಬಾರಿಯಾದ್ರೂ ಸರಿ. ನಾನು ಹೇಳ್ತಿರೋದು ಬಯಲು ಸೀಮೆಯ, ಮಲೆನಾಡಿನ ಸಾಮಾನ್ಯ ತೋಟ, ಗದ್ದೆಯ ಮಾತು.

"ಹಗಲು ಕರೆಂಟು ಕೊಟ್ರೆ ಟಾರ್ಚೇ ಬೇಡವಲ್ಲ?" ಅಂತ ಯಾರಾದ್ರೂ ಕೇಳಬಹುದು. ನೂರಕ್ಕೆ ನೂರು ಸರಿ. ಕುಸುಮ್ ಯೋಜನೆಯಲ್ಲಿ ಫೀಡರ್‌ಗಳಿಗೆ ಸೋಲಾರ್ ಹಾಕಿ ಹಗಲಲ್ಲೇ ಪಂಪ್‌ಸೆಟ್ಟಿಗೆ ಕರೆಂಟು ಕೊಡೋ ಕೆಲಸ ನಡೀತಿದೆ. ಅದು ನಿಮ್ಮೂರಿಗೆ ಬಂದ ದಿನ ನನ್ನ ಈ ಲೇಖನ ಹರಿದು ಬಿಸಾಕಿ. ಅಲ್ಲಿವರೆಗೆ ಅಪ್ಪನ ಕೈಲಿ ಏನಿದೆ?

ಸರ್ಕಾರದ ಮೇಲೂ ಒಂದು ತಕರಾರಿದೆ. ಸೀಲಿಂಗ್ ಫ್ಯಾನಿಗೂ 2023ರಿಂದ ಸ್ಟಾರ್ ಲೇಬಲ್ ಕಡ್ಡಾಯ ಮಾಡಿದಾರೆ. ಲಿಥಿಯಂ ಸೆಲ್ಲಿಗೆ ಬಿಐಎಸ್ ನೋಂದಣಿ ಬೇಕು, ಐಎಸ್ 16046 ಅನ್ನೋ ನಂಬರು. ಆದರೆ ಅದು ಸುರಕ್ಷತೆಯ ಮಾತು. ಬಾಕ್ಸಿನ ಮೇಲೆ ಲಕ್ಷ ಲ್ಯೂಮೆನ್ ಅಂತ ಬರೆದರೆ ಅದು ಕೇಳಲ್ಲ. ಕೇಳೋ ಕಾನೂನು ಬೇರೆ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು. ಫೇರ್‌ನೆಸ್ ಕ್ರೀಮಿನ ಜಾಹೀರಾತಿಗೆ ರೊಚ್ಚಿಗೇಳೋ ನಾವು ಟಾರ್ಚಿನ ಸುಳ್ಳಿಗೆ ಯಾಕೆ ಸುಮ್ಮನಿದ್ದೀವಿ? ಗ್ರಾಹಕ ಸಹಾಯವಾಣಿಯ ನಂಬರು 1915. ಫುಡ್ ಡೆಲಿವರಿಯಲ್ಲಿ ಚಟ್ನಿ ಮರೆತರೆ ಹತ್ತು ನಿಮಿಷ ಚಾಟ್ ಮಾಡಿ ರೀಫಂಡ್ ತಗೊಳ್ಳೋ ತಾಳ್ಮೆ ನಮಗಿದೆ. ಅದರಲ್ಲಿ ಐದು ನಿಮಿಷ ಇಲ್ಲಿ ಖರ್ಚು ಮಾಡಿ.

ಇನ್ನು ಕೊಳ್ಳೋ ಮಾತು. ಟ್ರೆಕ್ಕಿಗೆ ನಿಮಗೆ ಬೇಕಾಗಿರೋದು ಸಾವಿರ, ಸಾವಿರದೈನೂರರ ಹೆಡ್‌ಲ್ಯಾಂಪು. ಕೈ ಖಾಲಿ ಇರುತ್ತೆ, ಬಂಡೆ ಹಿಡಿಯಬಹುದು. ಅಷ್ಟು ಸಾಕು. ಉಳಿದ ಆರೂವರೆ ಸಾವಿರದಲ್ಲಿ ಊರಿಗೆ ಎರಡು ಟಾರ್ಚು ತಗೊಳ್ಳಿ. ಎರಡು ಯಾಕೆ ಅಂದ್ರೆ, ಒಂದನ್ನ ಅಪ್ಪ "ಹೊಸದು, ಹಾಳಾಗುತ್ತೆ" ಅಂತ ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ. ಎರಡನೇದನ್ನ ನೀವೇ ಬಾಕ್ಸಿಂದ ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಬರಬೇಕು. ಸಾಮಾನ್ಯ 18650 ಅಥವಾ 21700 ಸೆಲ್ಲು ಬದಲಾಯಿಸೋ ಹಾಗಿರಬೇಕು, ಸ್ಪೆಷಲ್ ಸೆಲ್ಲು ಬೇಡವೇ ಬೇಡ. ಮೊಬೈಲಿನ ಸಿ ಟೈಪ್ ಚಾರ್ಜರಲ್ಲೇ ಚಾರ್ಜ್ ಆಗಬೇಕು, ಬೇರೆ ಚಾರ್ಜರ್ ಕೊಟ್ರೆ ಮೂರನೇ ವಾರ ಅದು ಇರಲ್ಲ. ಬಿಡಿ ಸೆಲ್ಲನ್ನ ಯಾವತ್ತೂ ಬೀಗದ ಕೈ ಜೊತೆ ಜೇಬಲ್ಲಿ ಹಾಕಬೇಡಿ ಅಂತ ಹೇಳಿ, ಶಾರ್ಟ್ ಆದ್ರೆ ಪಂಚೆ ಸಮೇತ ಸುಡುತ್ತೆ. ಬೆಳಕಿನ ಬಣ್ಣ ಬೆಚ್ಚಗಿರಬೇಕು, 4000 ಕೆಲ್ವಿನ್ ಆಸುಪಾಸು, ಸಿಆರ್‌ಐ 90ರ ಮೇಲೆ.

ಎಲ್ಲಕ್ಕಿಂತ ಮುಖ್ಯ, ಸ್ವಿಚ್ಚು. ಒಂದು ಸಲ ಒತ್ತಿದರೆ ಹತ್ತಬೇಕು, ಇನ್ನೊಂದು ಸಲ ಒತ್ತಿದರೆ ಆರಬೇಕು. ಈ ವಿಷಯದಲ್ಲಿ ಎಂಟು ಸಾವಿರದ ಟಾರ್ಚುಗಳು ಮುನ್ನೂರರದ್ದಕ್ಕಿಂತ ಕಡೆ. ಒಂದೇ ಬಟನ್ನಿಗೆ ಹನ್ನೆರಡು ಕೆಲಸ ಕೊಟ್ಟಿರ್ತಾರೆ. ಎರಡು ಸಲ ಒತ್ತಿದರೆ ಟರ್ಬೊ, ಮೂರು ಸಲ ಒತ್ತಿದರೆ ಸ್ಟ್ರೋಬ್, ನಾಲ್ಕು ಸಲ ಒತ್ತಿದರೆ ಲಾಕ್. ಅರವತ್ತೈದರ ಅಪ್ಪ ರಾತ್ರಿ ಎರಡು ಗಂಟೆಗೆ ಒದ್ದೆ ಕೈಯಲ್ಲಿ ನಾಲ್ಕು ಸಲ ಒತ್ತಿ, ಟಾರ್ಚ್ ಲಾಕ್ ಆಗಿ, "ಇದು ಕೆಟ್ಟೋಯ್ತು ಕಣೋ" ಅಂತ ಮತ್ತೆ ಪಿನ್ನಿನ ಡಬ್ಬಿಗೆ ಹೋಗ್ತಾರೆ. ಮೋಡುಗಳನ್ನ ಕಡಿಮೆ ಮಾಡಿ ಒಂದಕ್ಕೇ ನಿಲ್ಲಿಸಬಹುದಾದ ಟಾರ್ಚುಗಳಿವೆ. ಅದನ್ನ ನೀವೇ ಕೂತು ಸೆಟ್ ಮಾಡಿ, ಅವರ ಕೈಲಿ ಹತ್ತು ಸಲ ಹಾಕಿ ಆರಿಸಿ ತೋರಿಸಿ ಬನ್ನಿ. ಮಿಕ್ಕ ದುಡ್ಡಿಗೆ ಒಂದು ಜೊತೆ ಗಂಬೂಟು. ಹಾವು ಕಚ್ಚೋದು ಬಹುಪಾಲು ಪಾದಕ್ಕೆ, ಮೀನಖಂಡಕ್ಕೆ. ಗಂಬೂಟು ಹಾಕ್ಕೊಳ್ಳಿ ಅಂದ್ರೆ "ಕೆಸರಲ್ಲಿ ಹೂತ್ಕೊಳ್ಳುತ್ತೆ" ಅಂತಾರೆ, ಆ ಜಗಳ ನಿಮಗೆ ಬಿಟ್ಟಿದ್ದು.

ಎಷ್ಟಾಯ್ತು ಅಂತ ಕೇಳೇ ಕೇಳ್ತಾರೆ. ನಾನೂರೈವತ್ತು, ಆಫರಲ್ಲಿತ್ತು ಅನ್ನಿ.